ಪ್ರಶ್ನೋತ್ತರ: ಅಚ್ಚುಕಟ್ಟಿನ ಕೆಲಸಗಾರರಿಗೆ ಒಪ್ಪುವ ಉದ್ಯೋಗಗಳು

ಪ್ರಶ್ನೆ: ನಾನು ಮಿತಭಾಷಿ, ಎಲ್ಲವನ್ನೂ ಎರಡು ಬಾರಿ ನೋಡುವ ಸ್ವಭಾವದವನು. ನನಗೆ ಯಾವ ಉದ್ಯೋಗ ಒಪ್ಪುತ್ತದೆ?

ವೃತ್ತಿ ಸಲಹೆಗಾರ್ತಿ: ಲೆಕ್ಕಪರಿಶೋಧನೆ, ಕರಡು ತಿದ್ದುವಿಕೆ, ಪ್ರಯೋಗಾಲಯ, ದಾಖಲಾಗಾರ, ಅಳತೆ ಉಪಕರಣಗಳ ಕ್ಯಾಲಿಬ್ರೇಶನ್ (ಅವು ಸರಿಯಾಗಿ ಅಳೆಯುತ್ತವೆಯೇ ಎಂದು ಹೋಲಿಸಿ ನೋಡುವುದು). ತಮ್ಮ ಓದು ತಿಳಿಯದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಪ್ರಶ್ನೆ: ಗ್ರಂಥಾಲಯ ವಿಜ್ಞಾನ ಓದಿ, ಕ್ಯಾಟಲಾಗ್ ವಿಭಾಗದಲ್ಲಿ ಕೆಲಕಾಲ ಇದ್ದು, ಬಹಳ ವರ್ಷ ಮನೆಯಲ್ಲೇ ಉಳಿದ ನಾನು ದಾಖಲಾಗಾರದ ಕೆಲಸಕ್ಕೆ ಮರಳಬಹುದೇ?

ಪ್ರಶ್ನೆ: ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನಮ್ಮ ಖಾತೆಯನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಿದಾಗ 540ರ ವ್ಯತ್ಯಾಸ ಬಂತು. ವೋಚರಿನ 4,820 ಖಾತೆಯಲ್ಲಿ 4,280 ಆಗಿರುವುದು ನನಗೆ ಕಂಡಿತು. ಬರೆದವರು ಹಿರಿಯರಾದ್ದರಿಂದ ಸಂಕೋಚಪಟ್ಟು ಸುಮ್ಮನಾದೆ. ಅವರು ಆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ಕಾರಣ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆ) ತಳ್ಳಿದರು. ಈ ವೃತ್ತಿಗೆ ನಾನು ತಕ್ಕವಳಲ್ಲವೇ?

ಸಲಹೆಗಾರ್ತಿ: ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದೆಂದು ಶಂಕಿಸುವುದು ಲೆಕ್ಕಿಗರ ಹಳೆಯ ಉಪಾಯ, ತಮಗೆ ಅದೂ ಬೇಕಾಗಲಿಲ್ಲ. ಹೀಗಾಗಿ ತಮ್ಮ ಕಣ್ಣಿನ ಬಗ್ಗೆ ನನಗೆ ಚಿಂತೆಯಿಲ್ಲ, ಮೌನದ ಬಗ್ಗೆ ಇದೆ. ಸೌಜನ್ಯವನ್ನೂ ನಿಖರತೆಯನ್ನೂ ಜೋಡಿಗುಣಗಳೆಂದು ಹೊಗಳುವವರು, ಕಚೇರಿಯಲ್ಲಿ ಅವು ಒಂದಕ್ಕೊಂದು ಅಡ್ಡ ಬರುವುದನ್ನು ಹೇಳುವುದಿಲ್ಲ. ತಪ್ಪು ತೋರಿಸುವುದಕ್ಕೆ ಎದೆಗಾರಿಕೆ ಬೇಕಾದ ಕಡೆ ತಾವು ಸೊರಗುತ್ತೀರಿ. ಅದೇ ಲಿಖಿತ ಕರ್ತವ್ಯವಾಗಿರುವ ಕಡೆ ಬೆಳೆಯುತ್ತೀರಿ. ಉದಾಹರಣೆಗೆ, ಔಷಧ ಪ್ರಯೋಗಗಳ ದತ್ತಾಂಶ ನಿರ್ವಹಣೆಯಲ್ಲಿ ರೋಗಿಯ ಜನ್ಮದಿನಾಂಕಕ್ಕೂ ವಯಸ್ಸಿಗೂ ತಾಳೆಯಾಗದಿದ್ದರೆ ವೈದ್ಯರೊಡನೆ ವಾದಕ್ಕಿಳಿಯಬೇಕಾಗಿಲ್ಲ. 'ಕ್ವೆರಿ', ಅಂದರೆ ಸ್ಪಷ್ಟನೆ ಕೇಳುವ ಲಿಖಿತ ಪ್ರಶ್ನೆ, ಕಳುಹಿಸಿದರೆ ಉತ್ತರ ಬರಲೇಬೇಕು, ಮತ್ತು ಯಾರು, ಯಾವಾಗ, ಏನು ತಿದ್ದಿದರೆಂಬುದು ಹಳೆಯ ನಮೂದಿನ ಸಮೇತ ಉಳಿಯುತ್ತದೆ. ಔಷಧಾಲಯ ಮಾತ್ರ ಬೇಡ: ಅಲ್ಲಿ ಪ್ರಮಾಣದ ಬಗ್ಗೆ ಅನುಮಾನ ಬಂದರೆ ಚೀಟಿ ಬರೆದ ವೈದ್ಯರನ್ನೇ ಆ ಕ್ಷಣದಲ್ಲಿ ಕೇಳಬೇಕು. ಸದ್ಯಕ್ಕೆ ಹೀಗೆ ಬರೆದು ಕಳುಹಿಸಿ: 'ವೋಚರಿನಲ್ಲಿ 4,820, ಖಾತೆಯಲ್ಲಿ 4,280 ಇದೆ, ದಯವಿಟ್ಟು ಪರಿಶೀಲಿಸಿ.' ವೋಚರ್ ಸಂಖ್ಯೆ ಇರಲಿ, ಬರೆದವರ ಹೆಸರು ಬೇಡ.

ಸದಸ್ಯ: ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು. ಮೊದಲು ಗಟ್ಟಿಯಾಗಿ ಮಾತನಾಡಲು ಕಲಿಯಲಿ.

ಇನ್ನೊಬ್ಬ ಸದಸ್ಯೆ: ಗಟ್ಟಿಯಾಗಿ ಮಾತನಾಡುವವರು ಮಾಡಿಟ್ಟ ತಪ್ಪನ್ನೇ ಅವರು ಹುಡುಕಿದ್ದು, ಸ್ವಾಮಿ.

ಸದಸ್ಯ: ಹುಡುಕಿ ಏನು ಬಂತು? ಬಾಯಿ ಬಿಡಲಿಲ್ಲವಲ್ಲ!

ಪ್ರಶ್ನೆ: ಸೂಕ್ಷ್ಮವಾಗಿ ಕೆಲಸ ಮಾಡುವವರಿಗೆ ಯಾವ ಉದ್ಯೋಗ ಒಳ್ಳೆಯದು?

ಸಲಹೆಗಾರ್ತಿ: ಮೇಲೆ ಓದಿ.

ಸದಸ್ಯ: ಬಂದದ್ದನ್ನು ಹಂಚಿಕೊಂಡಿದ್ದೇನೆ: 'ಮನೆಯಿಂದಲೇ ಡೇಟಾ ಎಂಟ್ರಿ, ನಿಖರತೆಯೇ ಅರ್ಹತೆ, ನೋಂದಣಿ ಶುಲ್ಕ ಮಾತ್ರ.' ಜೊತೆಗೆ ಜನರನ್ನು 16 ಬಗೆಗಳಾಗಿ ವಿಂಗಡಿಸುವ ವ್ಯಕ್ತಿತ್ವ ಪರೀಕ್ಷೆಯೂ ಇದೆ.

ಸಲಹೆಗಾರ್ತಿ: ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಶುಲ್ಕ ಕೇಳುವುದಿಲ್ಲ. ಇಂಥವರು ಮೊದಲು ಶುಲ್ಕ ಪಡೆದು, ಆಮೇಲೆ ಟೈಪಿಂಗಿನಲ್ಲಿ ತಪ್ಪು ಹುಡುಕಿ, ಕರಾರಿನ ಹೆಸರಿನಲ್ಲಿ ದಂಡ ಕೊಡಿ, ಇಲ್ಲವಾದರೆ ಮೊಕದ್ದಮೆ ಎಂದು ಹೆದರಿಸುತ್ತಾರೆ. ಸಭ್ಯರೇ ಹೆದರಿ ಕಟ್ಟುವುದು. ಹಣ ಕಟ್ಟಬೇಡಿ, ಗುರುತಿನ ಪತ್ರಗಳನ್ನು ಕಳುಹಿಸಬೇಡಿ. ಆ ಪರೀಕ್ಷೆಯಾದರೋ, ಅದೇ ವ್ಯಕ್ತಿಗೆ ಕೆಲವು ವಾರಗಳ ನಂತರ ಬೇರೆ ಫಲಿತಾಂಶ ಕೊಡುವುದುಂಟು. ಓದದೆ ಫಾರ್ವರ್ಡ್ ಮಾಡುವವರು ನಿಖರತೆಯ ಮಾತನ್ನಾದರೂ ಬಿಡಬೇಕು.

ಸದಸ್ಯ: ಒಳ್ಳೆಯದಾಗಲೆಂದು ಹಾಕಿದ್ದಕ್ಕೆ ಈ ಮಾತೇ?

ಪ್ರಶ್ನೆ: ಕರಡು ತಿದ್ದುವ ಕೆಲಸವನ್ನು ಯಂತ್ರಗಳು ನುಂಗುವುದಿಲ್ಲವೇ?

ಸಲಹೆಗಾರ್ತಿ: ಕಾಗುಣಿತವನ್ನಷ್ಟೇ ನಂಬಿದವರಿಗೆ ಕಷ್ಟ. ಮೂಲ ದಾಖಲೆಯೊಡನೆ ತಾಳೆ ನೋಡಿ ಹೊಣೆ ಹೊರುವವರು ಬೇಕು.

ಇನ್ನೊಬ್ಬ ಸದಸ್ಯೆ: ಫಾರ್ವರ್ಡ್ ಮಾಡಿದವರು ಅದನ್ನು ಅಳಿಸುತ್ತಾರೆಯೇ, ಇಲ್ಲವೇ?

ಸದಸ್ಯ: ತಮ್ಮ ಅಪ್ಪಣೆ ಬೇಕಿಲ್ಲ.

ಸಲಹೆಗಾರ್ತಿ: ಈ ಜಗಳ ಇಲ್ಲಿ ಸಾಕು. ಓದು, ಅನುಭವ ತಿಳಿಸದ ಪ್ರಶ್ನೆಗಳಿಗೆ ಇನ್ನು ಉತ್ತರಿಸುವುದಿಲ್ಲ.

ಪ್ರಶ್ನೆ: ಕ್ಷಮಿಸಿ, ದಾಖಲಾಗಾರದ ಕುರಿತ ನನ್ನ ಪ್ರಶ್ನೆ ಇನ್ನೂ ಉಳಿದಿದೆ, ಅದರಲ್ಲಿ ಎರಡನ್ನೂ ತಿಳಿಸಿದ್ದೆ.