ಮಂಗಳೂರಿಗೆ 45 ನಿಮಿಷವೋ, ಆರು ಗಂಟೆಯೋ?

ಪುಟ್ಟಿ, ನೀನು ಗ್ರೂಪಿನಲ್ಲಿ ಕೇಳಿದ್ದು ಈಗ ನೋಡಿದೆ. ಕನ್ನಡಕ ಎಲ್ಲೋ ಇಟ್ಟು ಮರೆತಿದ್ದೇನೆ, ಮಾತಿನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆದರೆ ಬೈಯ್ಯಬೇಡ.

ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ 45 ನಿಮಿಷ ಅಂತ ಒಂದು ಕಡೆ ಇದೆ, ಟಿಕೆಟಿನಲ್ಲಿ 1 ಗಂಟೆ 10 ನಿಮಿಷ ಅಂತಿದೆ. ಡಿಸೆಂಬರಿನ ಮದುವೆಗೆ ಬೆಳಗ್ಗೆ 7ರ ಫ್ಲೈಟ್ ಹಿಡಿದರೆ 11ರ ಮುಹೂರ್ತ ಸಿಗುತ್ತದಾ ಅಂತ ತಾನೇ ನಿನ್ನ ಪ್ರಶ್ನೆ?

ಎರಡೂ ಸುಳ್ಳಲ್ಲ. ದೇವನಹಳ್ಳಿಯಿಂದ ಬಜ್ಪೆಗೆ ನೇರ ಗೆರೆ ಎಳೆದರೆ 300 ಕಿಲೋಮೀಟರ್ ಚಿಲ್ಲರೆ. ಆ 45 ನಿಮಿಷ ಬರೀ ಆಕಾಶದಲ್ಲಿರುವ ಹೊತ್ತು. ಟಿಕೆಟಿನ ಲೆಕ್ಕ ವಿಮಾನ ಇಲ್ಲಿ ಜಾಗ ಬಿಟ್ಟು ಕದಲಿದಾಗ ಶುರು, ಅಲ್ಲಿ ಹೋಗಿ ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ತೆವಳುವುದು, ಸರದಿಯಲ್ಲಿ ಕಾಯುವುದು ಎಲ್ಲ ಅದರಲ್ಲೇ ಬಂತು. ಇನ್ನೊಂದು ಮಜಾ ಕೇಳು. ನಮ್ಮ ರನ್‌ವೇ ಇರುವುದು ಪೂರ್ವ-ಪಶ್ಚಿಮವಾಗಿ. ವಿಮಾನ ಏರುವುದು ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ಗಾಳಿ ಜಾಸ್ತಿ ಪೂರ್ವದಿಂದ ಬೀಸುತ್ತದೆ. ಮಂಗಳೂರಿರುವುದು ಪಶ್ಚಿಮಕ್ಕೆ, ನಾವು ಹೊರಡುವುದು ಕೋಲಾರದ ಕಡೆಗೆ! ಆಮೇಲೆ ಸುತ್ತು ಹಾಕಿ ತಿರುಗಬೇಕು. ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಆದರೆ ಪುಟ್ಟಿ, ನಾವು ವಿಮಾನ ನಿಲ್ದಾಣದಲ್ಲಿ ವಾಸ ಮಾಡುತ್ತಿಲ್ಲವಲ್ಲ. 7ಕ್ಕೆ ಫ್ಲೈಟ್ ಅಂದರೆ ಬನಶಂಕರಿಯ ಮನೆಗೆ 4ಕ್ಕೇ ಬೀಗ ಹಾಕಬೇಕು. ಆ ಹೊತ್ತಿಗೆ ಹೆಬ್ಬಾಳದಲ್ಲಿ ಗಾಡಿ ಕಮ್ಮಿ, ಅದೊಂದು ಪುಣ್ಯ. ಬ್ಯಾಗು ಕೊಡುವ ಕೌಂಟರನ್ನು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ಅಲ್ಲಿ ಇಳಿದು, ಬ್ಯಾಗು ತಗೊಂಡು, ಟ್ಯಾಕ್ಸಿಯಲ್ಲಿ ಗುಡ್ಡ ಇಳಿದು ಛತ್ರ ಸೇರುವಾಗ ಹತ್ತು ಗಂಟೆ. ಒಟ್ಟು ಆರು ಗಂಟೆ ಆಯ್ತು, ಅಲ್ವಾ?

ಅದೂ ಎಲ್ಲ ಸರಿಯಾದರೆ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಕಡೆ ಬೆಳಗಿನ ಮಂಜು ಹೇಗಿರುತ್ತದೆ ಗೊತ್ತಲ್ಲ. ಕಿಟಕಿಯಿಂದ ವಿಮಾನದ ರೆಕ್ಕೆಯ ತುದಿ ಕಾಣುವುದಿಲ್ಲ. ಎರಡು ತಾಸು ತಡವಾದರೆ ನಾವು ಹೋಗುವುದು ಊಟಕ್ಕೆ ಮಾತ್ರ. ಹೋದ ಜುಲೈನಲ್ಲಿ ನನಗೆ ಮಳೆ ಕೈಕೊಟ್ಟಿತ್ತು. ಬಜ್ಪೆ ಮೇಲೆ ಅರ್ಧ ಗಂಟೆ ಸುತ್ತಿಸಿದರು. ಕೊಟ್ಟ ಉಪ್ಪಿಟ್ಟು ತಿಂದು ಮುಗಿಸಿ ನೋಡಿದರೆ ಮತ್ತೆ ಬೆಂಗಳೂರಲ್ಲೇ ಇಳಿದಿದ್ದೆ!

ಹಾಗಾಗಿ ಹಿಂದಿನ ದಿನ ಮಧ್ಯಾಹ್ನದ ಫ್ಲೈಟ್ ನೋಡು. ರಾತ್ರಿ ಬಸ್ಸಾದರೆ ಏಳೆಂಟು ಗಂಟೆ, ನನಗೇನೋ ನಿದ್ದೆ ಬರುತ್ತದೆ. ನಿಮ್ಮತ್ತೆಗೆ ಶಿರಾಡಿ ಘಾಟಿಯ ತಿರುವು ಅಂದರೆ ಸಾಕು, ಸಕಲೇಶಪುರದಲ್ಲೇ ನಿಂಬೆಹಣ್ಣು ಹುಡುಕುತ್ತಾಳೆ. ಟಿಕೆಟ್ ಮಾಡುವಾಗ ನಮ್ಮಿಬ್ಬರದ್ದೂ ಸೇರಿಸಿಬಿಡು. ಟರ್ಮಿನಲ್ ಒಂದೋ ಎರಡೋ, ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕು.