ಜೊತೆಗೆ ಬದುಕುವ ಆಸೆ ಇದೆ, ಮೈಯ ಆಸೆ ಇಲ್ಲ. ಇದು ಪ್ರೀತಿ ಹೌದಾ?

ಘಟ್ಟದ ಮೇಲಿನವಳು:

ಯಾರ ಹತ್ತಿರ ಕೇಳಬೇಕೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ನನಗೆ 28. ಊರು ಶಿರಸಿ ಹತ್ತಿರದ ಹಳ್ಳಿ, ಕೆಲಸ ಕಾರವಾರದಲ್ಲಿ. ಮೂರು ವರ್ಷದಿಂದ ಅಂಕೋಲಾ ಕಡೆಯ ಒಬ್ಬ ಹುಡುಗನ ಜೊತೆ ಇದ್ದೇನೆ. ಇದ್ದೇನೆ ಅಂದರೆ, ಭಾನುವಾರ ಸಂಜೆ ಟ್ಯಾಗೋರ್ ಬೀಚಿನಲ್ಲಿ ನಡೆಯುತ್ತೇವೆ, ರಾತ್ರಿ ಒಂದು ಗಂಟೆ ಫೋನಿನಲ್ಲಿ ಮಾತಾಡುತ್ತೇವೆ, ಅವನ ಅಮ್ಮನಿಗೆ ಹುಷಾರಿಲ್ಲ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಹೋದ ವರ್ಷ ಕೆಲಸದ ಮೇಲೆ ಎರಡು ತಿಂಗಳು ಗೋವಾಕ್ಕೆ ಹೋಗಿದ್ದ. ನನಗೆ ಊಟ ಸೇರಲಿಲ್ಲ. ಅವನ ಹೆಸರು ಫೋನಿನಲ್ಲಿ ಬಂದರೆ ಎದೆ ಈಗಲೂ ಡವಡವ ಅನ್ನುತ್ತದೆ. ಅವನು ಬೇರೆ ಯಾರನ್ನೋ ಮದುವೆಯಾಗುವುದನ್ನು ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ.

ಆದರೆ ಮೈಯ ಆಸೆ ಅಂತಾರಲ್ಲ, ಅದು ನನಗಿಲ್ಲ. ಅವನ ಮೇಲೆ ಅಂತಲ್ಲ, ಯಾರ ಮೇಲೂ ಯಾವತ್ತೂ ಬಂದಿಲ್ಲ. ಹಾಸ್ಟೆಲಿನಲ್ಲಿ ಗೆಳತಿಯರು ಯಾರದ್ದೋ ಮೈಕಟ್ಟಿನ ಬಗ್ಗೆ ಮಾತಾಡುವಾಗ ನಾನೂ ನಗುತ್ತಿದ್ದೆ, ಇವರು ಸುಮ್ನೆ ಮಾತಿಗೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅವರಿಗೆ ಅದು ನಿಜವಾಗಿ ಅನಿಸುತ್ತಿತ್ತು ಅಂತ ಗೊತ್ತಾಗಿದ್ದೇ ಇತ್ತೀಚೆಗೆ. ಅವನು ಕೈ ಹಿಡಿದರೆ ಇಷ್ಟ. ಭುಜಕ್ಕೆ ಒರಗಿದರೆ ಸಮಾಧಾನ. ಅದರಾಚೆ ಏನೂ ಬೇಕು ಅನಿಸುವುದಿಲ್ಲ. ಹೆದರಿಕೆ ಅಲ್ಲ, ಅಸಹ್ಯವೂ ಅಲ್ಲ. ಹಸಿವೆ ಇಲ್ಲದವಳ ಎದುರು ಬಾಳೆ ಹಾಕಿ ಬಡಿಸಿದ ಹಾಗೆ.

ಮನೆಯಲ್ಲಿ ಜಾತಕ ಹೊರಗೆ ತೆಗೆದಿದ್ದಾರೆ. ಆಯಿ ಫೋನ್ ಮಾಡಿದಾಗಲೆಲ್ಲ ಅದೇ ಮಾತು. ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಸರಿ ಇತ್ತು. "ಮದುವೆ ಆಗು, ಎಲ್ಲ ತಾನಾಗಿ ಬರುತ್ತದೆ" ಅಂದು ಕಳಿಸಿದರು. ಅವನಿಗೆ ನಾನು ನಾಚಿಕೆ ಸ್ವಭಾವದವಳು ಅಂತ ಮಾತ್ರ ಗೊತ್ತು. ನಿಜ ಹೇಳಿಲ್ಲ.

ಮೈಯ ಆಸೆ ಇಲ್ಲದೆ ಪ್ರೀತಿ ಇರುತ್ತದಾ? ಅಥವಾ ನಾನು ಗಟ್ಟಿ ಗೆಳೆತನವನ್ನೇ ಪ್ರೀತಿ ಅಂದುಕೊಂಡು ಅವನಿಗೆ ಮೋಸ ಮಾಡುತ್ತಿದ್ದೇನಾ?

ಮೆಣಸಿನ ಬಳ್ಳಿ:

ನಾನು ಸಿದ್ದಾಪುರದವಳು, 37 ವರ್ಷ. ನೀವು ಬರೆದದ್ದನ್ನು ಎರಡು ಸಲ ಓದಿದೆ, ಯಾಕೆಂದರೆ ಹತ್ತು ವರ್ಷದ ಹಿಂದೆ ಇದನ್ನೇ ನಾನು ಡೈರಿಯಲ್ಲಿ ಬರೆದು ಹರಿದು ಹಾಕಿದ್ದೆ.

ನಮ್ಮ ತೋಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಗಿಡದ ಹಾಗೆ. ಆದರೆ ಬೇರು ಬೇರೆ, ಫಲ ಬೇರೆ, ಕೊಯ್ಲಿನ ಕಾಲವೂ ಬೇರೆ. ಬಳ್ಳಿ ಇಲ್ಲದ ಮರವೂ ಅಡಿಕೆ ಬಿಡುತ್ತದೆ. ಬಳ್ಳಿ ಹಾಲವಾಣದ ಮರಕ್ಕೂ ಹಬ್ಬುತ್ತದೆ. ಹೆಚ್ಚಿನವರಲ್ಲಿ ಪ್ರೀತಿ ಮತ್ತು ಮೈಯ ಸೆಳೆತ ಒಂದೇ ಮನುಷ್ಯನ ಮೇಲೆ ಒಟ್ಟಿಗೆ ಬರುವುದರಿಂದ ಅವು ಎರಡು ಅಂತ ಅವರಿಗೆ ಗೊತ್ತಾಗುವ ಸಂದರ್ಭವೇ ಬರುವುದಿಲ್ಲ. ನಮ್ಮಂಥವರಿಗೆ ಗೊತ್ತಾಗುತ್ತದೆ.

ಯಾರ ಮೇಲೆ ಮೈಯ ಸೆಳೆತ ಬರುತ್ತದೆ ಅನ್ನುವುದು ಸೆಕ್ಶುವಲ್ ಓರಿಯೆಂಟೇಶನ್. ಯಾರ ಮೇಲೆ ಪ್ರೇಮ ಹುಟ್ಟುತ್ತದೆ, ಯಾರ ಜೊತೆ ಜೋಡಿಯಾಗಿ ಬದುಕಬೇಕು ಅನಿಸುತ್ತದೆ ಅನ್ನುವುದು ರೊಮ್ಯಾಂಟಿಕ್ ಓರಿಯೆಂಟೇಶನ್. ಮೊದಲನೆಯದು ಯಾರ ಮೇಲೂ ಬಾರದವರಿಗೆ ಏಸೆಕ್ಶುವಲ್ ಅನ್ನುತ್ತಾರೆ, ಎರಡನೆಯದು ಬಾರದವರಿಗೆ ಏರೊಮ್ಯಾಂಟಿಕ್. ನೀವು ಹೇಳಿದ್ದನ್ನು ನೋಡಿದರೆ ಏಸೆಕ್ಶುವಲ್ ಮತ್ತು ಹೆಟೆರೊರೊಮ್ಯಾಂಟಿಕ್ ಇರಬಹುದು, ಅಂದರೆ ಮೈಯ ಸೆಳೆತ ಇಲ್ಲ, ಗಂಡಸಿನ ಮೇಲೆ ಪ್ರೇಮ ಹುಟ್ಟುತ್ತದೆ. ನನ್ನದೂ ಅದೇ. ಆದರೆ ಹೆಸರು ಇಟ್ಟುಕೊಳ್ಳುವುದು ಬಿಡುವುದು ನಿಮ್ಮ ಇಷ್ಟ.

ಇದು ನಿನ್ನೆ ಮೊನ್ನೆ ಯಾರೋ ಹುಟ್ಟಿಸಿದ ಮಾತಲ್ಲ. ಅಮೆರಿಕದ ಡೇವಿಡ್ ಜೇ ಎಂಬುವರು 2001ರಲ್ಲಿ ಏಸೆಕ್ಶುವಲ್ ಜನರಿಗಾಗಿ ಏವೆನ್ ಎಂಬ ಜಾಲತಾಣ ಶುರು ಮಾಡಿದರು. ಅಲ್ಲಿ ಸೇರಿದ ಏಸೆಕ್ಶುವಲ್ ಜನರಲ್ಲಿ ಪ್ರೇಮದಲ್ಲಿ ಬೀಳುವವರೂ ಇದ್ದರು, ಬೀಳದವರೂ ಇದ್ದರು. ಆ ವ್ಯತ್ಯಾಸ ಹೇಳಲು ಬೇರೆ ಮಾತು ಬೇಕಾಯಿತು. 2004ರಲ್ಲಿ ಕೆನಡಾದ ಸಂಶೋಧಕ ಆಂಟನಿ ಬೊಗಾರ್ಟ್ ಬ್ರಿಟನ್ನಿನ 18,000ಕ್ಕೂ ಜಾಸ್ತಿ ಜನರ ಒಂದು ಸಮೀಕ್ಷೆಯ ಉತ್ತರಗಳನ್ನು ನೋಡಿದರು. ಯಾರ ಮೇಲೂ ಯಾವತ್ತೂ ಲೈಂಗಿಕ ಸೆಳೆತ ಬಂದಿಲ್ಲ ಅಂದವರು ಸುಮಾರು 1 ಶೇಕಡಾ. ನೂರಕ್ಕೆ ಒಬ್ಬರು. ಅದು ಅಲ್ಲಿಯ ಲೆಕ್ಕ, ಇಲ್ಲಿಗೆ ಹಾಗೇ ಹಾಕಬೇಡಿ, ಆದರೂ ನಾನು ಅದನ್ನು ಓದಿದ ದಿನ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಇಷ್ಟು ಜನರಲ್ಲಿ ನನ್ನ ಥರದವರು ಇನ್ಯಾರಿರಬಹುದು ಅಂತ ಒಬ್ಬೊಬ್ಬರ ಮುಖ ನೋಡುತ್ತಿದ್ದೆ.

ಅದಕ್ಕೂ ಒಂದು ವರ್ಷ ಮೊದಲು, 2003ರಲ್ಲಿ, ಲೀಸಾ ಡೈಮಂಡ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ದೊಡ್ಡ ಲೇಖನ ಬರೆದರು. ಮೈಯ ಆಸೆ ಸಂತಾನಕ್ಕಾಗಿ ಬೆಳೆದು ಬಂದದ್ದು, ಪ್ರೇಮದ ನಂಟು ತಾಯಿ ಮಗುವಿನ ನಂಟು ಹುಟ್ಟಿದ ಜಾಗದಿಂದಲೇ ಬಂದದ್ದು, ಆದ್ದರಿಂದ ಒಂದಿದ್ದು ಇನ್ನೊಂದು ಇಲ್ಲದಿರಬಹುದು ಅನ್ನುವುದು ಅವರ ವಾದ. ನಿಮಗೆ ಗೋವಾದ ಎರಡು ತಿಂಗಳು ಊಟ ಸೇರದೇ ಹೋಗಿದ್ದು ಆ ನಂಟಿನಿಂದ. ಅದನ್ನು ಪ್ರೀತಿ ಅನ್ನದೆ ಮತ್ತೇನು ಅನ್ನುವುದು?

ಕುಮಟಾದ ಅತ್ತಿಗೆ:

ತಂಗಿ, ನಾನು ದೊಡ್ಡ ದೊಡ್ಡ ಹೆಸರು ಓದಿದವಳಲ್ಲ. ಮದುವೆಯಾಗಿ 24 ವರ್ಷ. ಮದುವೆಗೆ ಮೊದಲು ನನಗೂ ಏನೂ ಅನಿಸುತ್ತಿರಲಿಲ್ಲ. ಗಂಡನ ಮುಖ ಸರಿಯಾಗಿ ನೋಡಿದ್ದೇ ಮಂಟಪದಲ್ಲಿ. ಒಂದೂವರೆ ವರ್ಷ ಕಳೆದು, ಅವರು ನನ್ನ ಜ್ವರದಲ್ಲಿ ರಾತ್ರಿಯೆಲ್ಲ ಎದ್ದು ಕುಳಿತ ಮೇಲೆ, ನಿಧಾನಕ್ಕೆ ಮನಸ್ಸೂ ಬಂತು, ಉಳಿದದ್ದೂ ಬಂತು. ನಮ್ಮ ಕಾಲದ ಎಷ್ಟೋ ಹೆಂಗಸರ ಕಥೆ ಇದೇ. ಹಾಗಾಗಿ 28ಕ್ಕೇ ನನಗೆ ಇದು ಇಲ್ಲ ಅಂತ ಬಾಗಿಲು ಹಾಕಿಕೊಳ್ಳಬೇಡ.

ಆದರೆ ಇನ್ನೊಂದು ಮಾತೂ ಹೇಳುತ್ತೇನೆ. ನನ್ನ ಸೋದರತ್ತೆಗೆ ಕೊನೆಯವರೆಗೂ ಬರಲಿಲ್ಲ. ಗಂಡ ಅಂದರೆ ಜೀವ ಅವಳಿಗೆ. ಆದರೂ ರಾತ್ರಿ ಆಗುತ್ತಿದ್ದ ಹಾಗೆ ಅವಳ ಮುಖ ಬದಲಾಗುತ್ತಿತ್ತು ಅಂತ ನನ್ನ ಅಮ್ಮ ಹೇಳುತ್ತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ. ಕೇಳುವುದು ಹೇಗೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಮೆಣಸಿನ ಬಳ್ಳಿ:

ಅತ್ತಿಗೆ, ನಿಮ್ಮ ಕಥೆಗೂ ಇಲ್ಲಿ ಜಾಗ ಇದೆ. ನಂಟು ಗಟ್ಟಿಯಾದ ಮೇಲೆಯೇ ಸೆಳೆತ ಹುಟ್ಟುವವರಿಗೆ ಡೆಮಿಸೆಕ್ಶುವಲ್ ಅನ್ನುತ್ತಾರೆ. ಆ ಪದವೂ 2006ರ ಸುಮಾರಿಗೆ ಏವೆನ್‌ನಲ್ಲೇ ಹುಟ್ಟಿದ್ದು. ಆದರೆ ಇವರಿಗೆ ಮೂರು ವರ್ಷದ ನಂಟು ಆಗಲೇ ಇದೆ. ಬರಬೇಕಾದದ್ದು ಬಂದರೆ ಸಂತೋಷ, ಆದರೆ ಬರುತ್ತದೆ ಅನ್ನುವ ಲೆಕ್ಕದ ಮೇಲೆ ಮದುವೆ ಮಾಡಿಕೊಳ್ಳುವುದು ಮಾತ್ರ ಬೇಡ. ನಿಮ್ಮ ಸೋದರತ್ತೆಯದನ್ನು ಓದಿ ತುಂಬ ಹೊತ್ತು ಸುಮ್ಮನೆ ಕುಳಿತೆ.

ಡಾಕ್ಟರ ವಿಷಯಕ್ಕೆ ಒಂದು ಮಾತು. ಮೊದಲು ಆಸೆ ಇದ್ದು ಆಮೇಲೆ ಕಡಿಮೆಯಾದರೆ ತೋರಿಸಲೇಬೇಕು. ಥೈರಾಯ್ಡ್, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಹೆರಿಗೆ ಆದ ಮೇಲಿನ ಸುಸ್ತು, ಎಲ್ಲದರಿಂದಲೂ ಹಾಗಾಗಬಹುದು. ಮೊದಲಿನಿಂದಲೂ ಇಲ್ಲ, ಅದರಿಂದ ತನಗೆ ಸಂಕಟವೂ ಇಲ್ಲ ಅಂದರೆ ಅದು ಬೇರೆ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5, ತಾನು ಏಸೆಕ್ಶುವಲ್ ಅಂತ ಹೇಳಿಕೊಳ್ಳುವವರಿಗೆ ಆಸೆ ಕಡಿಮೆಯ ಕಾಯಿಲೆ ಅಂತ ಹೆಸರಿಡಬಾರದು ಅನ್ನುತ್ತದೆ. "ಮದುವೆ ಆಗು" ಅನ್ನುವುದು ಯಾವ ಕೈಪಿಡಿಯಲ್ಲೂ ಇಲ್ಲ.

ತೋಟದ ಮಾಣಿ:

ನನ್ನದು ಇದರ ತಿರುಗುಮುರುಗು. ಇದನ್ನು ಎಲ್ಲಿಯೂ ಹೇಳಿಲ್ಲ, ಹೆಸರು ಇಲ್ಲದ್ದರಿಂದ ಇಲ್ಲಿ ಹೇಳುತ್ತೇನೆ.

ನನಗೆ 34. ಶಿರಸಿ ಸೀಮೆ, ಎರಡು ಎಕರೆ ತೋಟ. ಹೆಣ್ಣಿನ ಮೇಲೆ ಮೈಯ ಸೆಳೆತ ಎಲ್ಲರ ಹಾಗೆ ಬರುತ್ತದೆ. ಪ್ರೇಮ ಬರುವುದಿಲ್ಲ. ಯಾರ ಫೋನಿಗೂ ಎದೆ ಡವಡವ ಅಂದಿದ್ದಿಲ್ಲ. ಕಾಲೇಜಿನಲ್ಲಿ ಒಬ್ಬ ಹುಡುಗಿಗೆ ನನ್ನ ಮೇಲೆ ಮನಸ್ಸಾಗಿತ್ತು. ಒಳ್ಳೆಯ ಹುಡುಗಿ. ನನಗೂ ಆಗುತ್ತದೆ ಅಂತ ಒಂದು ವರ್ಷ ಕಾದೆ, ಆಗಲಿಲ್ಲ, ಅವಳು ಅತ್ತಾಗ ನನಗೆ ಅವಳ ಬಗ್ಗೆ ಬೇಜಾರಾಯಿತು, ಆದರೆ ಅವಳು ಹೋಗುತ್ತಾಳೆ ಅಂತ ಬೇಜಾರಾಗಲಿಲ್ಲ. ನಾನು ಕಲ್ಲು ಅಂದಳು. ಅವಳು ಹಾಗೆ ಅಂದದ್ದರಲ್ಲಿ ತಪ್ಪಿಲ್ಲ.

ಆದರೆ ಕಲ್ಲಲ್ಲ. ಅಪ್ಪಯ್ಯ ಹಾಸಿಗೆ ಹಿಡಿದಾಗ ಎರಡು ವರ್ಷ ನಾನೇ ನೋಡಿಕೊಂಡೆ. ಅಕ್ಕನ ಮಗ ರಜೆ ಮುಗಿಸಿ ಹೊರಟರೆ ಮನೆ ಬಿಕೋ ಅನ್ನುತ್ತದೆ. ಗೆಳೆಯರಿಗಾಗಿ ಮಧ್ಯರಾತ್ರಿ ದೇವಿಮನೆ ಘಟ್ಟ ಇಳಿದಿದ್ದೇನೆ. ಯಕ್ಷಗಾನದ ಆಟಕ್ಕೆ ಹೋದರೆ ಶೃಂಗಾರದ ಪದ್ಯ ಬಂದಾಗ ಪಕ್ಕದವರ ಕಣ್ಣು ಮಿನುಗುವುದು ಕಾಣುತ್ತದೆ. ನನಗೆ ಭಾಗವತರ ದನಿ ತಾಗುತ್ತದೆ, ಮದ್ದಳೆ ತಾಗುತ್ತದೆ, ವಿಷಯ ಮಾತ್ರ ತಾಗುವುದಿಲ್ಲ. ಬೇರೆ ಭಾಷೆಯ ಹಾಡು ಕೇಳಿದ ಹಾಗೆ.

ಮೇಲೆ ಬರೆದದ್ದನ್ನು ಓದಿದಾಗಲೇ ಏರೊಮ್ಯಾಂಟಿಕ್ ಅನ್ನುವ ಪದ ಗೊತ್ತಾಯಿತು. ನಮ್ಮ ಕಡೆ ತೋಟ ಮಾಡಿಕೊಂಡಿರುವ ಗಂಡುಗಳಿಗೆ ಹೆಣ್ಣು ಸಿಗುವುದೇ ಕಷ್ಟ, ಹಾಗಾಗಿ ನನ್ನ ವಿಷಯ ಯಾರ ಕಣ್ಣಿಗೂ ಬಿದ್ದಿಲ್ಲ. ಪಾಪ, ಹೆಣ್ಣು ಸಿಗಲಿಲ್ಲ ಅನ್ನುತ್ತಾರೆ. ಪ್ರೀತಿಯಿಲ್ಲದೆ ಮೈಯ ಆಸೆ ಇದೆ ಅಂದರೆ ಅದನ್ನು ಎಲ್ಲರೂ ಲಂಪಟತನ ಅಂತಲೇ ತಿಳಿಯುತ್ತಾರೆ. ಅದಕ್ಕೇ ಬಾಯಿ ಬಿಡುವುದಿಲ್ಲ. ಯಾರಿಗೂ ಪ್ರೇಮದ ಸುಳ್ಳು ಹೇಳಬಾರದು, ಅಷ್ಟನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಕಡಲ ಕಡೆಯವಳು:

ಇನ್ನೂ ಒಂದು ಥರ ಇದೆ. ನನಗೆ ಮೈಯ ಸೆಳೆತ ಗಂಡಸರ ಮೇಲೂ ಬರುತ್ತದೆ, ಹೆಂಗಸರ ಮೇಲೂ ಬರುತ್ತದೆ. ಪ್ರೇಮ ಮಾತ್ರ ಹೆಂಗಸರ ಮೇಲೇ. ಬೈಸೆಕ್ಶುವಲ್, ಆದರೆ ಹೋಮೊರೊಮ್ಯಾಂಟಿಕ್. ಇದು ಅರ್ಥವಾಗುವ ತನಕ ಗಂಡಸರ ಜೊತೆ ಎರಡು ಸಂಬಂಧ ಮಾಡಿ, ಯಾಕೆ ಮನಸ್ಸು ನಿಲ್ಲುತ್ತಿಲ್ಲ ಅಂತ ನನ್ನನ್ನೇ ಬೈದುಕೊಂಡೆ. ಮೊದಲೇ ಗೊತ್ತಿದ್ದರೆ ಆ ಇಬ್ಬರಿಗೂ ನೋವಾಗುತ್ತಿರಲಿಲ್ಲ.

ಹೊನ್ನಾವರ ಕೋರ್ಟ್ ರಸ್ತೆ:

ನಾನು ವಕೀಲ. ಭಾವನೆಯ ಮಾತು ಉಳಿದವರು ಚೆನ್ನಾಗಿ ಹೇಳಿದ್ದಾರೆ. ಮದುವೆ ಅಂತ ಬಂದದ್ದರಿಂದ ಕಾನೂನು ಹೇಳುತ್ತೇನೆ, ಹೆದರಿಸಲಿಕ್ಕಲ್ಲ.

1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನ ಪ್ರಕಾರ ಲೈಂಗಿಕ ಅಸಾಮರ್ಥ್ಯದಿಂದ ದೇಹಸಂಬಂಧ ಆಗದೇ ಹೋದರೆ ಮದುವೆ ರದ್ದು ಮಾಡಿ ಅಂತ ಕೇಳಬಹುದು. ಏಸೆಕ್ಶುವಲ್ ಆಗಿರುವುದು ಅಸಾಮರ್ಥ್ಯ ಅಲ್ಲ. ಆದರೆ 2007ರಲ್ಲಿ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರಿಯಾದ ಕಾರಣ ಇಲ್ಲದೆ ಗಂಡ ಅಥವಾ ಹೆಂಡತಿ ತಾನೊಬ್ಬರೇ ನಿರ್ಧರಿಸಿ ತುಂಬ ಕಾಲ ದೇಹಸಂಬಂಧ ನಿರಾಕರಿಸಿದರೆ ಅದು ಮಾನಸಿಕ ಕ್ರೌರ್ಯ ಆಗಬಹುದು ಅಂದಿದೆ. ಕ್ರೌರ್ಯ ವಿಚ್ಛೇದನಕ್ಕೆ ಕಾರಣ. "ತಾನೊಬ್ಬರೇ ನಿರ್ಧರಿಸಿ" ಅನ್ನುವುದನ್ನು ಗಮನಿಸಿ. ಇಬ್ಬರೂ ಮಾತಾಡಿ ಒಪ್ಪಿಕೊಂಡು ಬದುಕಿದರೆ ಅಲ್ಲಿ ಕೋರ್ಟಿಗೆ ಕೆಲಸವಿಲ್ಲ.

ಇನ್ನೊಂದು ಕಡೆಯೂ ಗೊತ್ತಿರಲಿ. ನಮ್ಮ ದೇಶದಲ್ಲಿ ಅತ್ಯಾಚಾರದ ಕಾನೂನಿನಿಂದ ಗಂಡನಿಗೆ ಈಗಲೂ ವಿನಾಯಿತಿ ಇದೆ. ಹೆಂಡತಿ ಬೇಡ ಅಂದರೂ ಬಲವಂತ ಮಾಡಿದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣೆ ಕೇಳಬಹುದು, ಅದರಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. ಆದ್ದರಿಂದ ಮದುವೆಗೆ ಮೊದಲೇ ಹೇಳಿ. ಅವನಿಗೂ ಬೇಡ ಅನ್ನುವ ಅವಕಾಶ ಸಿಗಬೇಕು, ಅಲ್ವಾ?

ಓರಿಯೆಂಟೇಶನ್ ಬದಲಾಯಿಸುತ್ತೇನೆ ಅಂತ ಯಾವ ಡಾಕ್ಟರಾದರೂ ಚಿಕಿತ್ಸೆ ಕೊಡಲು ಬಂದರೆ, ಅದು ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ರಾತ್ರಿ ಹೊತ್ತು ಮನಸ್ಸು ತೀರಾ ಭಾರವಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಘಟ್ಟದ ಮೇಲಿನವಳು:

ಹನ್ನೊಂದು ದಿನ ಆಯಿತು. ಎಲ್ಲರದ್ದೂ ಓದಿದೆ. ತೋಟದ ಮಾಣಿ, ನಿಮ್ಮ ಹಾಡಿನ ಮಾತು ನನಗೆ ತುಂಬ ಹತ್ತಿರವಾಯಿತು. ನನಗೆ ಆ ಹಾಡು ಪೂರ್ತಿ ತಾಗುತ್ತದೆ, ಹಾಸ್ಟೆಲಿನ ಮಾತುಗಳು ಬೇರೆ ಭಾಷೆ.

ನಿನ್ನೆ ಅವನಿಗೆ ಹೇಳಿದೆ. ಬೀಚಿನಲ್ಲಿ ಜನ ಜಾಸ್ತಿ ಇದ್ದರು, ಆದ್ದರಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಹೋದೆವು. ಹೇಗೆ ಶುರು ಮಾಡಲಿ ಅಂತ ತಿಳಿಯಲಿಲ್ಲ. ಕೊನೆಗೆ ಇಲ್ಲಿ ಬರೆದಿದ್ದನ್ನೇ ಫೋನಿನಲ್ಲಿ ತೆಗೆದು ಅವನ ಕೈಗೆ ಕೊಟ್ಟೆ. ನನ್ನ ಪ್ರಶ್ನೆ, ನಿಮ್ಮ ಉತ್ತರ, ಅತ್ತಿಗೆಯ ಸೋದರತ್ತೆ, ಎಲ್ಲ ಓದಿದ. ಎರಡು ಸಲ ಮೇಲೆ ಹೋಗಿ ಮತ್ತೆ ಓದಿದ.

ಮೊದಲು ಅವನಿಗೆ ಬೇಜಾರೇ ಆಯಿತು. ಮೂರು ವರ್ಷ ಯಾಕೆ ಹೇಳಲಿಲ್ಲ ಅಂದ. ನನಗೇ ಗೊತ್ತಿರಲಿಲ್ಲ ಅಂದೆ. ತನ್ನಲ್ಲಿ ಏನೋ ಕೊರತೆ ಇದೆ, ಅದಕ್ಕೇ ನಾನು ಹತ್ತಿರ ಬರುವುದಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದನಂತೆ. ಅದು ನನಗೆ ಹೊಳೆದೇ ಇರಲಿಲ್ಲ. ಅದನ್ನು ಕೇಳಿ ನನಗೆ ಅಳು ಬಂತು. ಅವನಿಗೆ ಆ ಆಸೆ ಇದೆ, ಅದಿಲ್ಲದೆ ಬದುಕಲು ಆಗುತ್ತದೋ ಇಲ್ಲವೋ ಈಗಲೇ ಹೇಳಲಾರೆ ಅಂದ. ಸುಳ್ಳು ಹೇಳಲಿಲ್ಲ, ಅದು ನನಗೆ ಸಮಾಧಾನ.

ಆಮೇಲೆ ತುಂಬ ಹೊತ್ತು ಬಿಟ್ಟು, "ಕೈ ಹಿಡಿದರೆ ಬೇಡ ಅನಿಸುತ್ತದಾ?" ಅಂತ ಕೇಳಿದ. ಇಲ್ಲ, ಅದು ಬೇಕು ಅಂದೆ. ಬೈಕ್ ನಿಲ್ಲಿಸಿದ ಜಾಗದ ತನಕ ಹಿಡಿದುಕೊಂಡೇ ನಡೆದ. ಒಂದು ತಿಂಗಳು ಸಮಯ ಕೇಳಿದ್ದಾನೆ. ಆಯಿಗೆ ಫೋನ್ ಮಾಡಿ, ಜಾತಕ ಸದ್ಯಕ್ಕೆ ಯಾರಿಗೂ ಕೊಡಬೇಡ ಅಂದಿದ್ದೇನೆ. ಕಾರಣ ಇನ್ನೂ ಹೇಳಿಲ್ಲ.