ಅಪ್ಪನ 1984ರ ಪದ್ಮಿನಿಗೆ ಯಾವ ಎಂಜಿನ್ ಆಯಿಲ್ ಹಾಕಲಿ?

ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಎಂಟು ವರ್ಷ ಮೈಸೂರಿನ ಮನೆಯ ಶೆಡ್ಡಿನಲ್ಲೇ ನಿಂತಿತ್ತು. ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ 5ಡಬ್ಲ್ಯೂ-30 ಸಿಂಥೆಟಿಕ್ ಹಾಕಿದರು. ಈಗ ದಿನಾ ಬೆಳಿಗ್ಗೆ ನೆಲದ ಮೇಲೆ ರೊಟ್ಟಿಯಷ್ಟಗಲ ಕಲೆ. ಎಂಜಿನ್ ಬಿಸಿಯಾಗಿ ಸಿಗ್ನಲ್‌ನಲ್ಲಿ ನಿಂತರೆ ಆಯಿಲ್ ಲೈಟು ಮಿಣುಕುತ್ತದೆ. ಭಯವಾಗುತ್ತಿದೆ.

ಉತ್ತರ 1:
ಅದು ತುಂಬಾ ತೆಳು ಆಯಿತು. ಸವೆದ ಬೇರಿಂಗಿನ ಸಂದಿಯಲ್ಲಿ ಬೇಗ ಹರಿದುಹೋಗಿ ಆಯಿಲ್ ಪ್ರೆಶರ್ ಇಳಿಯುತ್ತದೆ, ಅದಕ್ಕೇ ಲೈಟು ಮಿಣುಕುವುದು. ನಮ್ಮ ಸೆಕೆಗೆ ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ-50 ಮಿನರಲ್ ಆಯಿಲ್ ಹಾಕಿ. ದುಬಾರಿ ಡಬ್ಬ ಬೇಡವೇ ಬೇಡ.

ಉತ್ತರ 2:
ಸವೆತ ತಡೆಯುವ ಜಿಂಕ್ ಸೇರಿಸಿರುವ ಆಯಿಲನ್ನೇ ನೋಡಿ ತೊಗೊಳ್ಳಿ. ಇದು ಫ್ಲಾಟ್ ಟ್ಯಾಪೆಟ್ ಎಂಜಿನ್ ಅಲ್ವಾ, ವಾಲ್ವ್ ತೆರೆಸುವ ಕ್ಯಾಮ್, ಟ್ಯಾಪೆಟ್ ಅನ್ನೋ ಚಪ್ಪಟೆ ತುಂಡಿನ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ. ಹೊಸ ಕಾರುಗಳ ತೆಳು ಆಯಿಲ್‌ನಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು ಜಿಂಕ್ ಕಡಿಮೆ ಮಾಡಿರುತ್ತಾರೆ. ಇನ್ನೊಂದು, ಮೊದಲ ಸಲ 1000 ಕಿ.ಮೀ.ಗೇ ಬದಲಾಯಿಸಿ. ಒಳಗಿನ ಹಳೇ ಕೆಸರು ಬಿಟ್ಟುಕೊಳ್ಳುತ್ತದೆ.

ಕೇಳಿದವನು:
20ಡಬ್ಲ್ಯೂ-50 ಹಾಕಿ ವಾರವಾಯಿತು. ಲೈಟು ಒಮ್ಮೆಯೂ ಮಿಣುಕಿಲ್ಲ. ಕಲೆ ಈಗ ರೂಪಾಯಿ ನಾಣ್ಯದಷ್ಟೇ. ಎಂಜಿನ್ ಅಡಿಯ ಆಯಿಲ್ ತೊಟ್ಟಿಯ (ಸಂಪ್) ಗ್ಯಾಸ್ಕೆಟ್ ಹೊಸದು ಹಾಕಿಸುತ್ತೇನೆ. ನಿನ್ನೆ ಅಪ್ಪನನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ತುಂಬಾ ಥ್ಯಾಂಕ್ಸ್.